ಒಂದು ಟಕ್ಕಾ ಮುರಕೋತಾರಂತ

ಶಿವರುದ್ರಪ್ಪನ ಖಾತೆ ತೆಗೆದುಕೊಟ್ಟಾಂವ ನಾನ. ಅದನ್ನ ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಯಾರೂ ನನಗ ಕೇಳೂದು ಬ್ಯಾಡ.

ಇಂಡಿ ಕಡೆಯಿಂದ ಪುಣೆಕ್ಕ ಬಂದ ಮನಷ್ಯಾ ಅಂವ. ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಂಗಡಿಯೊಳಗ ಕಾಟಾದ ಮುಂದ ನಿಂತು ತೂಕ ಮಾಡಿದ. ಮೊದಲನೇ ಚೀಲಕ್ಕ 'ಒಂದು' ಅಂತಿದ್ದಿಲ್ಲ, 'ಲಾಭ' ಅಂತಿದ್ದ. ಲಾಭ, ಎರಡು, ಮೂರು... ಅವನ ದನಿ ಮೂರು ಅಂಗಡಿ ಆಚೆ ಕೇಳಸ್ತಿತ್ತು. ಮಾಲಕರು "ಹಸಿ ಮಾಲ್ ಅದ, ಚೀಲಕ್ಕ ಒಂದು ಕಿಲೋ ಮುರಕೋ" ಅಂದ್ರ ಸಾಕು, ಕಾಟಾ ಬಿಟ್ಟು ಕೆಳಗ ಕೂತುಬಿಡಾಂವ. "ತೂಕ ಆದಮ್ಯಾಲ ಮುರಕೊಳ್ಳೂದು ನನ್ನ ಕೈಲೆ ಆಗೂದಿಲ್ರಿ" ಅಂತಿದ್ದ. ಇದಕ್ಕ ಎರಡು ಸಲ ಕೆಲಸ ಹೋತು. ಎರಡೂ ಸಲ ಬ್ಯಾರೆ ಅಂಗಡಿಯವರು ಕರದು ಇಟಗೊಂಡ್ರು, ಯಾಕಂದ್ರ ರೈತರು ಅಂವ ಎಲ್ಲಿದ್ದಾನ ಕೇಳಿ ಅಲ್ಲೇ ಗಾಡಿ ಹಚ್ಚತಿದ್ರು.

ನಾ ಆಗ ಅಲ್ಲೇ ಹತ್ರದ ಒಂದು ಬ್ಯಾಂಕಿನ್ಯಾಗ ಕೌಂಟರಿಗೆ ಇದ್ದೆ. 2010ರ ದೀಪಾವಳಿ ಪಾಡವಾ ಮುಗದು ಬ್ಯಾಂಕು ತೆರೆದ ಮೊದಲನೇ ದಿನ ಬಂದ. ಯಾರ್ಡಿನವರ ವರ್ಷ ಪಾಡವಾಕ್ಕ ಸುರು ಆಗ್ತದ, ಹೊಸಾದೇನಿದ್ರೂ ಅವತ್ತಿಂದ.

"ಸಾಹೇಬ್ರ, ಟ್ಯಾಕ್ಸ್ ಇಲ್ಲದ ಖಾತೆ ಒಂದು ಅದಂತಲ್ರಿ, ಅದನ್ನ ತೆಗೀರಿ."

ಪಿಪಿಎಫ್ ಕೇಳಲಿಕ್ಕೆ ಹತ್ತಿದ್ದ. "ಹದಿನೈದು ವರ್ಷ ತಡೀಬೇಕು ನೋಡ್ರಿ" ಅಂದೆ.

"ಅಂದ್ರ ಹದಿನೈದನೇ ಪಾಡವಾಕ್ಕ ರೊಕ್ಕ ಕೈಗೆ ಬರ್ತದ?"

ಅವನ ಹಿಂದ ಉದ್ದನ್ನ ಪಾಳಿ ಇತ್ತು. "ಹೌದ್ರಿ, ಹೌದು" ಅಂದು ಸಿಕ್ಕಾ ಹೊಡದೆ.

ಎಲ್ಲಿ ಹೌದು! ಬ್ಯಾಂಕಿನ ವರ್ಷ ಮಾರ್ಚಿಗೆ ಮುಗೀತದ. ಖಾತೆ ತೆಗೆದ ವರ್ಷ ಮುಗದಮ್ಯಾಲ ಹದಿನೈದು ಎಣಸಬೇಕು. ಅಂದ್ರ 2026ರ ಏಪ್ರಿಲ್ ಒಂದು. ಇಷ್ಟು ಹೇಳಲಿಕ್ಕೆ ನನಗೇನು ಧಾಡಿ ಆಗಿತ್ತೋ!

ಹೋದ ವರ್ಷ ಶ್ರಾವಣದಾಗ ಶಿವರುದ್ರಪ್ಪಗ ಎದಿ ಹಿಡೀಲಿಕ್ಕೆ ಹತ್ತಿತು. ಶಿವಾಜಿನಗರದ ಡಾಕ್ಟರು ಮೂರು ನಾಳ ಕಟ್ಟ್ಯಾವ, ಬೈಪಾಸ್ ಆಗಬೇಕು, ತಡಾ ಮಾಡಬ್ಯಾಡ್ರಿ ಅಂದ್ರು. ನಾಲ್ಕು ಲಕ್ಷದ ಖರ್ಚು. ಆ ದವಾಖಾನಿಯೊಳಗ ಸರಕಾರಿ ಕಾರ್ಡೂ ನಡೀತಿದ್ದಿಲ್ಲ. "ಪಾಡವಾ ಬರಲಿ, ನನ್ನ ರೊಕ್ಕ ಬರ್ತದ" ಅಂದು ಎರಡು ತಿಂಗಳು ಗುಳಿಗಿ ನುಂಗಕೋತ ಕಾಟಾದ ಮುಂದ ನಿಂತ.

ಪಾಡವಾ ಬಂತು. ನಾ ರಿಟೈರ್ ಆಗಿದ್ದೆ. ನಮ್ಮ ಮನಿಗೆ ಪೇಢೆ ತಂದು ಕೊಟ್ಟು, "ನಡೀರಿ ಸಾಹೇಬ್ರ, ನಿಮ್ಮ ಕೈಲೇ ತೆಗೆಸಿಕೊಡ್ರಿ" ಅಂದ. ಬ್ಯಾಂಕ್ ತೆರೆದ ದಿನ ಇಬ್ಬರೂ ಹೋದಿವಿ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಕಾಕಾ, ಏಕ್ ಏಪ್ರಿಲ್‌ಲಾ ಯಾ" ಅಂದಳು, ಏಪ್ರಿಲ್ ಒಂದಕ್ಕ ಬರ್ರಿ ಅಂತ.

ವರ್ಷಕ್ಕ ಒಮ್ಮೆ ಒಂದಿಷ್ಟು ತೆಗೀಲಿಕ್ಕೆ ಬರ್ತದ, ಖರೆ. ಅದನ್ನ ಜೂನದಾಗ ಮಗಳು ಶರಣ್ಯಾನ ಕಾಲೇಜಿಗೆ ತೆಗೆದಾಗಿತ್ತು. ಉಳಿದದ್ದು ಒಂದ ದಾರಿ: ಡಾಕ್ಟರ ಕಾಗದಾ ಕೊಟ್ಟು ಖಾತೆನ ಬಂದ್ ಮಾಡೂದು. ಆದ್ರ ಅವಧಿಗಿಂತ ಮೊದಲ ಬಂದ್ ಮಾಡಿದ್ರ, ಮೊದಲನೇ ದಿನದಿಂದ ಬಡ್ಡಿ ದರದೊಳಗ ಒಂದು ಟಕ್ಕಾ, ನೂರಕ್ಕ ಒಂದು ರೂಪಾಯಿ, ಮುರಕೋತಾರ. ಹೆಚ್ಚುಕಡಿಮಿ ಐವತ್ತು ಸಾವಿರ.

ಶಿವರುದ್ರಪ್ಪ ಆ ಹುಡುಗಿನ್ನ ನೋಡಲಿಲ್ಲ, ನನ್ನ ನೋಡಿದ. "ನೀವು ಪಾಡವಾ ಅಂದಿದ್ರಿ" ಅಂದ.

ಹೊರಗ ಬಂದು ಕೈ ಹಿಡಕೊಂಡೆ. "ಮುರಕೊಂಡ್ರ ಮುರಕೊಳ್ಳಲಿ. ಆ ಐವತ್ತು ಸಾವಿರ ನಾ ಕೊಡ್ತೀನಿ, ತಪ್ಪು ನಂದು."

"ನಿಮ್ಮ ರೊಕ್ಕಾ ನಾ ಏನು ಮಾಡ್ಲಿ? ಹದಿನೈದು ವರ್ಷ ಹಾಕೀನಿ. ಈಗ ಒಂದು ಟಕ್ಕಾ ಮುರಕೋತಾರಂತ! ನಾ ಯಾರಿಗೂ ಮುರದಿಲ್ಲ, ನನಗೂ ಮುರೀಗೊಡಂಗಿಲ್ಲ. ಐದು ತಿಂಗಳ ಅಷ್ಟ."

ಬೈದೆ, ಕಾಲು ಹಿಡಿಯೂದೊಂದು ಬಾಕಿ. ಹೆಂಡ್ತಿ ಕಮಲವ್ವ ಅತ್ತಳು. ಶರಣ್ಯಾ ಖಾತೆ ಬಂದ್ ಮಾಡೂ ಫಾರ್ಮು ತುಂಬಿ ತಂದಳು, ಸಹಿ ಒಂದ ಉಳಿದಿತ್ತು. ಆ ಫಾರ್ಮನ್ನ ಅಂವ ಕ್ಯಾಲೆಂಡರಿನ ಹಿಂದ ಸಿಗಿಸಿ, ಮುಂದ ದಿನಕ್ಕೊಂದು ಗೀಟು ಹೊಡಕೋತ ಹೋದ.

ನವೆಂಬರದಾಗ ಚಾಳಿನ ಮೆಟ್ಟಲಾ ಏರೂ ಮುಂದ ಒಮ್ಮೆ ನಿಲ್ಲತಿದ್ದ. ಡಿಸೆಂಬರದಾಗ ಮೂರು ಸಲ. ಕಾಟಾದ ಬಾಜೂಕ ಸ್ಟೂಲ್ ಬಂತು. ದನಿ ಬಾಜೂ ಅಂಗಡಿಗೂ ಕೇಳದಂಗಾತು. ನನ್ನ ಫೋನ್ ಹೊಡಕೊಂಡ್ರ ಸಾಕು, ರಾಮಾ, ಇವನಲ್ಲ, ಇವನಲ್ಲ ಅನಕೋತ ಎತ್ತತಿದ್ದೆ.

ಸಂಕ್ರಮಣಕ್ಕ ಎಳ್ಳು ಬೆಲ್ಲಾ ಕೊಡಲಿಕ್ಕೆ ಬಂದ. ಮುಖ ಬೂದಿ ಬಡದಂಗ ಆಗಿತ್ತು. "ಇನ್ನ ಎಪ್ಪತ್ತೇಳು ದಿನ ಸಾಹೇಬ್ರ" ಅಂದ. ನೀರು ಕುಡದು, ಲೋಟಾ ಕೆಳಗಿಟ್ಟು, ಸಾವಕಾಶ ಕೇಳಿದ:

"ಒಂದು ಮಾತು. ನಡಕ ನಾ ಹೋಗಿಬಿಟ್ರೂ ಮುರಕೋತಾರೇನ್ರಿ?"

"ಇಲ್ರಿ. ಖಾತೆದಾರ ಹೋದ್ರ ಪೂರಾ ಕೊಡ್ತಾರ" ಅಂದೆ. ಜನ್ಮದಾಗ ಒಮ್ಮೆ ಅವಗ ಸರಿಯಾದ ಉತ್ತರ ಕೊಟ್ಟೆ, ಅದೂ ಬಾಯಿ ಜಾರಿ. ಹೇಳಿದ ಕೂಡಲೆ ನಾಲಗಿ ಕಡಕೊಂಡೆ. ಅಂವ ಮಾತ್ರ ನಕ್ಕ. ಎಷ್ಟೋ ತಿಂಗಳ ಮ್ಯಾಲ ನಕ್ಕಿದ್ದ. ಅವತ್ತ ಮನಿಗೆ ಹೋಗಿ ಆ ಫಾರ್ಮು ಹರದು ಹಾಕಿದ ಅಂತ ಶರಣ್ಯಾ ಆಮ್ಯಾಲ ಹೇಳಿದಳು.

ಹನ್ನೊಂದು ದಿನಕ್ಕ, ಮುಂಜಾನೆ, ನಮ್ಮ ವಿಜಾಪುರ ಕಡೆ ಲಾರಿ ಬಂದಿತ್ತಂತ. ಮೊದಲನೇ ಚೀಲಾ ಕಾಟಾಕ್ಕ ಬಿತ್ತು. 'ಲಾಭ' ಅಂದ. ಎರಡನೇದು ಬಿತ್ತು. ಹಮಾಲರು ಕಾಯ್ದರು. ಎರಡು ಅನ್ನಲಿಲ್ಲ.

ಫೆಬ್ರುವರಿ ಕಡೀಕ ಕಮಲವ್ವನ್ನ ಕರಕೊಂಡು ನಾನ ಬ್ಯಾಂಕಿಗೆ ಹೋದೆ. ಅದ ಹುಡುಗಿ, ಅದ ಕೌಂಟರ್. ಕಾಗದಾ ನೋಡಿ ಸಹಿ ಮಾಡಿಸಿಕೊಂಡಳು.

ಕಮಲವ್ವ ಮರಾಠಿಯೊಳಗ ಕೇಳಿದಳು, ಎಷ್ಟು ಮುರಕೋತೀರಿ ಅಂತ.

"ಕಾಹೀ ನಾಹೀ, ಕಾಕೂ" ಅಂದಳು ಹುಡುಗಿ. ತೀರಿಕೊಂಡವರ ಖಾತೆಯೊಳಗ ಏನೂ ಮುರಕೊಳ್ಳಂಗಿಲ್ಲ, ಪೂರಾ ಬರ್ತದ ಅಂತ ತಿಳಿಸಿ ಹೇಳಿದಳು.

ಕಮಲವ್ವ ಪಾಸ್‌ಬುಕ್ ಸೆರಗಿನ್ಯಾಗ ಸುತ್ತಿಕೊಂಡಳು. ಬಾಗಲತನಕ ಬಂದು ನಿಂತಳು.

"ಇದು ಅವರಿಗೆ ಗೊತ್ತಿತ್ತೇನ್ರಿ, ಮಧುಕರಣ್ಣಾ?"

"ಗೊತ್ತಿತ್ತವಾ. ನಾನ ಹೇಳಿದ್ದೆ."