ಶೇಖವ್ವ ಉಳಿಸಿಕೊಂಡ ಜೋಕುಮಾರ

ಚೊಳಚಗುಡ್ಡದ ಕುಂಬಾರ ಶೇಖವ್ವನ ಕೈಯಲ್ಲಿ ಹುಟ್ಟಿದ್ದೆಲ್ಲ ಒಡೆದುಹೋಗುವುದಕ್ಕೇ ಹುಟ್ಟುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳು ನೀರಿಗೆ ಬಿದ್ದು ಕರಗುತ್ತಿದ್ದವು. ಭಾದ್ರಪದದ ಜೋಕುಮಾರನ ಆಯುಷ್ಯವಂತೂ ಏಳೇ ದಿನ. ಅಗಲ ಬಾಯಿ, ದಪ್ಪ ಮೀಸೆಯ ಆ ಮಣ್ಣಿನ ದೇವರನ್ನು ಅಂಬಿಗೇರ ರತ್ನವ್ವ ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆಮನೆ ತಿರುಗುವಳು. ಹುಣ್ಣಿಮೆಗೆ ಒನಕೆಯಿಂದ ಬಡಿದು ಅವನನ್ನು ಕೊಂದು ಅಗಸರ ಕಲ್ಲಿನ ಬುಡಕ್ಕೆ ಹಾಕಿಬಿಟ್ಟರೆ ಮುಗಿಯಿತು. ಗಡಿಗೆ ಮಾಡುವ ತಿಗರಿ ಗಂಡ ರಾಚಪ್ಪನದು, ಗೊಂಬೆ ಹೆಂಗಸರ ಪಾಲು. ಹಾಗಾಗಿ ಅದನ್ನು ಒಂದು ಕೆಲಸವೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ, ಶೇಖವ್ವನೂ ಎಣಿಸಿರಲಿಲ್ಲ.

ಎಂಬತ್ತಮೂರರ ಮಳೆಗಾಲದಲ್ಲಿ ಬಾದಾಮಿಯ ಹೊರಗಿನ ಹಳೆಯ ಹತ್ತಿ ಗೋದಾಮಿನಲ್ಲಿ ಅಂದಾನಪ್ಪ ಮಾಸ್ತರರು ಶಿಲ್ಪಿಗಳ ಶಿಬಿರ ತೆರೆದರು. ಮಾಸ್ತರರು ಚಿತ್ರಕಲೆ ಕಲಿಸುತ್ತಿದ್ದವರು, ತಾವೂ ಕಲ್ಲು ಕೆತ್ತುವವರು. ಧಾರವಾಡದಿಂದ, ಬರೋಡಾದಿಂದ ನಾಲ್ಕಾರು ಜನ ಬಂದು ಅಲ್ಲೇ ಉಂಡು ಮಲಗಿ, ಒಂದೇ ಸೂರಿನ ಕೆಳಗೆ ಕಲ್ಲು, ಕಟ್ಟಿಗೆ, ಕಬ್ಬಿಣ ಬಡಿಯತೊಡಗಿದರು. ರತ್ನವ್ವನ ಬುಟ್ಟಿಯಲ್ಲಿ ಜೋಕುಮಾರನನ್ನು ಕಂಡಿದ್ದ ಮಾಸ್ತರರು ಶೇಖವ್ವನನ್ನೂ ಕರೆದರು. ಮನೆಯಲ್ಲಿ ಮಣ್ಣು ತೀರಿತೇನು, ಗೊಂಬೆ ಮಾಡಲು ಬಾದಾಮಿಗೆ ಹೋಗಬೇಕೇ ಎಂದು ರಾಚಪ್ಪ ಹೊಟ್ಟೆ ಹಿಡಿದು ನಕ್ಕ. ನಕ್ಕವನೇ ಮರುದಿನ ಮಣ್ಣಿನ ಚೀಲ ಹೊತ್ತು ಬಸ್ಸಿನವರೆಗೆ ಬಂದ.

ಶಿಬಿರದವರನ್ನು ಕಂಡು ಶೇಖವ್ವನಿಗೆ ಮೊದಮೊದಲು ಇವರು ಶುದ್ಧ ಮೈಗಳ್ಳರು ಅನ್ನಿಸಿತು. ಹಿಂದೆ ಮಾಡಿದ್ದನ್ನೆಲ್ಲ ಗೋಡೆಗುಂಟ ಸಾಲಾಗಿ ಇಟ್ಟುಕೊಂಡು, ಚಹಾ ಕುಡಿಯುತ್ತ ಅದರ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಅದೇನು ನೋಡುತ್ತೀರೆಂದು ಒಮ್ಮೆ ಕೇಳಿಯೇಬಿಟ್ಟಳು. ಹೋದ ಸಲ ಎಲ್ಲಿ ತಪ್ಪಿದೆನೆಂದು ನೋಡುತ್ತೇನೆ, ಅದು ತಿಳಿಯದೆ ಹೊಸದಕ್ಕೆ ಕೈ ಹಚ್ಚುವುದಿಲ್ಲ ಎಂದರು ಮಾಸ್ತರರು. ಶೇಖವ್ವ ತಲೆಯಾಡಿಸಿದಳು, ಆದರೆ ಮಾತು ಮನಸ್ಸಿಗೆ ಇಳಿಯಲಿಲ್ಲ.

ಆ ವರ್ಷ ಅವಳು ಇಬ್ಬರು ಜೋಕುಮಾರರನ್ನು ಮಾಡಿದಳು. ಒಬ್ಬ ವಾಡಿಕೆಯಂತೆ ರತ್ನವ್ವನ ಬುಟ್ಟಿ ಸೇರಿದ. ಇನ್ನೊಬ್ಬ ಶಿಬಿರದವರ ಶಿಲ್ಪಗಳ ಜೊತೆ ಬಾಗಲಕೋಟೆಗೆ, ವಿದ್ಯಾಗಿರಿಯ ಕಾಲೇಜೊಂದರ ಹಾಲಿಗೆ ಪ್ರದರ್ಶನಕ್ಕೆ ಹೋದ. ಕೊನೆಯ ದಿನ ಹುಣ್ಣಿಮೆ. ಅಂದು ಮಧ್ಯಾಹ್ನ ಸಂಪ್ರದಾಯದಂತೆ ಒನಕೆಯಿಂದ ಜೋಕುಮಾರನನ್ನು ಒಡೆಯಲಾಗುವುದೆಂದು ಮಾಸ್ತರರು ಕಾರ್ಡು ಅಚ್ಚು ಹಾಕಿಸಿ ಊರೆಲ್ಲ ಹಂಚಿದ್ದರು. ಶೇಖವ್ವನೂ ಆಗಲೆಂದಿದ್ದಳು. ಒಡೆಯದೆ ಇನ್ನೇನು?

ಗೊಂಬೆಯ ಪಕ್ಕದಲ್ಲೇ ಅವಳಿಗೊಂದು ಕುರ್ಚಿ ಹಾಕಿದ್ದರು. ಮೊದಲ ದಿನ ನಾಚಿಕೆಯಲ್ಲೇ ಕಳೆಯಿತು. ಮರುದಿನ ಬೇರೆ ಕೆಲಸವಿಲ್ಲದೆ ತಾನು ಮಾಡಿದ್ದನ್ನೇ ನೋಡುತ್ತ ಕುಳಿತಳು. ಒಣಗಿ ಬಿಳುಚಿದ ಮುಖದಲ್ಲಿ ಮೂಗು ಎಡಕ್ಕೆ ವಾಲಿತ್ತು. ಹೋದ ವರ್ಷದ್ದೂ ಹೀಗೇ ಇತ್ತೇ? ಅದರ ಹಿಂದಿನದು? ನೋಡೋಣವೆಂದರೆ ಒಂದಾದರೂ ಉಳಿದಿದ್ದರಲ್ಲವೇ. ಮದುವೆಯಾಗಿ ಬಂದಾಗಿನಿಂದ ಇಷ್ಟು ಜೋಕುಮಾರರನ್ನು ಮಾಡಿದೆನೆಂದುಕೊಂಡಿದ್ದವಳಿಗೆ, ಒಬ್ಬನನ್ನೇ ಇಷ್ಟು ಸಲ ಮಾಡಿದೆನೇನೋ ಅನ್ನಿಸಿತು. ಮಾಸ್ತರರ ಮಾತು ಈಗ ಇಳಿಯಿತು.

ಹುಣ್ಣಿಮೆಯ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರತ್ನವ್ವ ಊರಿನಿಂದ ಒನಕೆ ತಂದಿದ್ದಳು. ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಾಗ ಶೇಖವ್ವ ಎದ್ದು ಗೊಂಬೆಗೆ ಅಡ್ಡ ನಿಂತಳು. ಒಡೆಯಬೇಡಿರೆಂದಳು. ರತ್ನವ್ವ ಹೆದರಿಬಿಟ್ಟಳು.

"ಹಂಗಂದ್ರ ಹೆಂಗವ್ವಾ? ಇಂವ ಸತ್ತು ಮ್ಯಾಲ ಹೋಗಿ ಶಿವನ ಮುಂದ ನಮ್ಮ ಕಷ್ಟ ಹೇಳಿದ್ರನ ಮಳಿ ಬರೂದು. ಒಬ್ಬಾಂವ ಹೋಗಿ ಒಬ್ಬಾಂವ ಇಲ್ಲೇ ಉಳದ್ರ ಊರಿಗೆ ಛಲೋ ಅಲ್ಲ."

ಮಾಸ್ತರರು ಹತ್ತಿರ ಬಂದು ದನಿ ತಗ್ಗಿಸಿದರು. "ಕಾರ್ಡ್ ಹಂಚೇವಿ, ಮಂದಿ ಕೂಡೇತಿ. ಈಗ ಒಲ್ಲೆ ಅಂದ್ರ ನನ್ನ ಮಾರಿ ಎಲ್ಲಿಡ್ಲಿ ಶೇಖವ್ವ?"

ತನ್ನನ್ನು ಕುರ್ಚಿ ಹಾಕಿ ಕೂರಿಸಿದ ಮನುಷ್ಯನಿಗೆ ಎದುರಾಡುವುದು ಅವಳಿಗೆ ಸುಲಭವಾಗಿರಲಿಲ್ಲ. ಆದರೂ ಗೊಂಬೆಯ ಮುಂದಿನಿಂದ ಸರಿಯಲಿಲ್ಲ.

"ನಿಮ್ಮ ಗ್ವಾಡಿಗುಂಟ ಹಳೇವು ಎಷ್ಟ ಅದಾವ್ರಿ ಮಾಸ್ತರ. ಅವನ್ನ ನೋಡಿ ನೀವು ಹೊಸಾದು ಮಾಡ್ತೀರಿ. ನನ್ನ ಹಂತೇಕ ಒಂದೂ ಇಲ್ರಿ. ಇವನ ಮೂಗು ಸೊಟ್ಟ ಐತಿ. ಇವನ್ನ ಒಡದ್ರ ಬರೂ ವರ್ಷಾನೂ ಸೊಟ್ಟನ ಮಾಡ್ತೇನಿ."

ಮಾಸ್ತರರು ಮೂಗನ್ನು ನೋಡಿದರು, ನೆರೆದವರನ್ನು ನೋಡಿದರು. ಕೊನೆಗೆ, ಇವತ್ತು ಒಡೆಯುವುದಿಲ್ಲವೆಂದು ಜನರಿಗೆ ತಾವೇ ಹೇಳಿದರು. ಬಂದವರು ಗೊಣಗುತ್ತ ಚದುರಿದರು. ಮಾಸ್ತರರ ಮನಸ್ಸಿಗೆ ಮಾತ್ರ ಚೆನ್ನಾಗಿ ಪೆಟ್ಟಾಗಿತ್ತು. ಬಾದಾಮಿಯ ಬಸ್ಸಿನಲ್ಲಿ ಅವಳ ಜೊತೆ ಮಾತಾಡಲಿಲ್ಲ, ಮುಂದಿನ ಶಿಬಿರಕ್ಕೆ ಕರೆಯಲೂ ಇಲ್ಲ. ಅದು ಶೇಖವ್ವನನ್ನು ಬಹಳ ದಿನ ನೋಯಿಸಿತು.

ಊರಿನಲ್ಲೂ ಸುಖವಿರಲಿಲ್ಲ. ಮಳೆ ತುಸು ತಡವಾದರೂ ಸಾಕು, ಹೆಂಗಸರು ಕುಂಬಾರರ ಮನೆಯತ್ತ ನೋಡಿ ಮೂತಿ ತಿರುವುತ್ತಿದ್ದರು. ರಾಚಪ್ಪ ಬೇಕೆಂದೇ ಜೋಕುಮಾರನನ್ನು ಬೀಗರಿಗೆ ಹೋಲಿಸಿ, ಬಂದವನು ಹೊರಡುವ ಮಾತೇ ಎತ್ತುತ್ತಿಲ್ಲವೆಂದು ಕಾಡುತ್ತಿದ್ದ. ಆದರೂ ಮಣ್ಣಿಗೆ ತಂಪು ತಾಗಬಾರದೆಂದು ಒಲೆಯ ಮೇಲ್ಗಡೆ ಹಲಗೆ ಹೊಡೆದುಕೊಟ್ಟವನೂ ಅವನೇ. ಶೇಖವ್ವ ರೊಟ್ಟಿ ಬಡಿಯುತ್ತ ವರ್ಷವಿಡೀ ಆ ಮೂಗನ್ನು ನೋಡಿದಳು.

ಮತ್ತೆ ಭಾದ್ರಪದ ಬಂತು. ಹಳಬನನ್ನು ಎದುರಿಗಿಟ್ಟುಕೊಂಡು ಹೊಸಬನನ್ನು ಮಾಡಿದಳು. ರತ್ನವ್ವ ಬುಟ್ಟಿ ಹಿಡಿದು ಬಂದಾಗ ಶೇಖವ್ವ ಅದರಲ್ಲಿ ಕೂರಿಸಿದ್ದು ಹಳಬನನ್ನು. ಒಲೆಯ ಹೊಗೆಗೆ ಕಪ್ಪಾದ ಅವನನ್ನು ಕಂಡು ರತ್ನವ್ವ ಹಿಂದೆ ಸರಿದಳು, ಹೊಸಬ ಇರುವಾಗ ಇವನೇಕೆಂದು ಕೇಳಿದಳು.

"ಏಳು ದಿನದಾಂವಗ ನಮ್ಮ ಕಷ್ಟ ಏನ್ ಗೊತ್ತಾಗ್ತೈತಿ, ರತ್ನವ್ವ? ಇಂವ ವರ್ಷಪೂರ್ತಿ ನಮ್ಮ ಒಲಿ ಮುಂದ ಕುಂತಾನ. ಶಿವನ ಮುಂದ ಎಲ್ಲಾ ಹೇಳ್ತಾನ, ಒಯ್ಯಿ."

ರತ್ನವ್ವ ಬೇವಿನ ತಪ್ಪಲು ಸರಿಮಾಡಿ, ಅವನ ಬಾಯಿಗೆ ಬೆಣ್ಣೆ ಸವರಿ, ಬುಟ್ಟಿ ಹೊತ್ತು ಹೋದಳು. ಹಾಡು ಓಣಿಯ ತಿರುವಿನವರೆಗೂ ಕೇಳಿಸಿತು. ಶೇಖವ್ವ ಒಳಗೆ ಬಂದು ಹೊಸಬನ ಮುಂದೆ ಕುಳಿತಳು. ಮೂಗು ನೆಟ್ಟಗಿತ್ತು. ಕಿವಿಗಳು ಮಾತ್ರ ಒಂದು ಮೇಲೆ, ಒಂದು ಕೆಳಗೆ ಕೂತಿದ್ದವು. ತಪ್ಪು ಕಣ್ಣಿಗೆ ಬಿದ್ದಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.