ನ್ಯಾಲ್ಕಲ್ಲಿನ ಮಣ್ಣು, ಹೈದರಾಬಾದಿನ ಕೋಶಗಳು

ನ್ಯಾಲ್ಕಲ್ ಹತ್ತಿರದ ನಮ್ಮ ಹೊಲದಲ್ಲಿ ಗಂಡನನ್ನು ಮಣ್ಣು ಮಾಡಿ ಹೈದರಾಬಾದಿಗೆ ಮರಳಿದಾಗ, ಅವರ ಜೀವಕೋಶಗಳು ಇಲ್ಲಿ ಇನ್ನೂ ಬದುಕಿವೆ ಎಂದು ಆಸ್ಪತ್ರೆಯವರು ಹೇಳಿದರು.

ಅವರ ರಕ್ತದ ಕ್ಯಾನ್ಸರಿನ ಚಿಕಿತ್ಸೆಗೆಂದು ಬಂದ ನಾವು ಇಲ್ಲೊಂದು ‘ಪೋರ್ಷನ್’ ಹಿಡಿದಿದ್ದೆವು. ಒಂದೇ ಮನೆಯನ್ನು ಗೋಡೆಯಿಂದ ತುಂಡು ಮಾಡಿ ಬಾಡಿಗೆಗೆ ಕೊಡುವ ಭಾಗಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮ ಕಡೆ ಒಲೆ ಹೊತ್ತದಿದ್ದರೆ ನೆರೆಯವರು ಬಂದು ಕೇಳುತ್ತಾರೆ. ಇಲ್ಲಿ ಗೋಡೆಯಾಚೆಯ ಕುಕ್ಕರ್ ಕೂಗುವುದು ಕೇಳುತ್ತದೆ, ಅವರ ಹೆಸರು ಗೊತ್ತಿಲ್ಲ. ಇಲ್ಲೊಂದು ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಸಿಕ್ಕಿದ್ದರಿಂದ ಅವರು ಹೋದ ಮೇಲೂ ಒಬ್ಬಳೇ ಉಳಿದೆ.

ಆಸ್ಪತ್ರೆಯ ಪ್ರಯೋಗಾಲಯದ ಹುಡುಗಿ ತಾಂಡೂರಿನವಳು. ಅವಳ ಬಾಯಲ್ಲಿ ನಮ್ಮ ಮಾತು ಕೇಳಿಯೇ ಅಳು ಬಂತು. ಗಂಡನಿಗೆ ಕೊಟ್ಟ ಗುಳಿಗೆ ಮೊದಲು ಹಿಡಿದು ಆಮೇಲೆ ಯಾಕೆ ಕೈಬಿಟ್ಟಿತೆಂದು ಅವರ ಮೂಳೆಮಜ್ಜೆಯ ಕೋಶಗಳಲ್ಲಿ ಹುಡುಕುತ್ತಿದ್ದಾರಂತೆ.

“ಸಂತಿಗಿ ಒಯ್ಯೋ ಕುರಿಗಿ ಕೆಂಪು ಜಾಜು ಹಚ್ಚತೀರಲ್ಲಕ್ಕಾ,” ಎಂದಳು. “ಗುಳಿಗಿನೂ ಕೋಶದಾಗ ಒಂದು ಪ್ರೋಟೀನಿಗಿ ಹಂಗೇ ಗುರುತು ಹಚ್ಚಸ್ತದ. ಆಮ್ಯಾಲ ಕೋಶನೇ ಅದನ್ನ ಚೂರು ಮಾಡ್ತದ.”

“ಮುದಿ ಕುರಿಗೇನು?”

“ಇಲ್ರಿ, ಮುಂದ ನಡಿಯೋ ಟಗರಿಗಿ. ಆ ಪ್ರೋಟೀನು ಜೀನ್‌ಗಳಿಗಿ ಏಳ್ರಿ, ಕೆಲಸ ಮಾಡ್ರಿ ಅಂತಿರ್ತದ. ಅದು ಹೋದ್ರ ಹಿಂದಿನ ಜೀನ್‌ಗಳು ಸುಮ್ಮನಾಗ್ತಾವ. ರೋಗದ ಕೋಶ ಸಾಯ್ತದ.”

“ಮುಂದಿನ ಟಗರು ಯಾವ ಹುಚ್ಚ ಮಾರ್ತಾನ!” ಎಂದೆ. ಬಹಳ ದಿನಗಳ ಮೇಲೆ ನಕ್ಕೆ.

ಅವಳು ನಗಲಿಲ್ಲ. “ಕೋಶ ಇಟ್ಕೊಳ್ಳಲೇನ್ರಿ? ಬ್ಯಾಡಂದ್ರ ಚೆಲ್ಲತೀವಿ. ನೀವೇ ಹೇಳಬೇಕು.”

ಊರಿಗೆ ಫೋನು ಮಾಡಿ ಅತ್ತೆಗೆ ಹೇಳಿದೆ. “ನನ್ನ ಮಗನ್ನ ಅರ್ಧಾ ಅಲ್ಲೇ ಬಿಟ್ಟು ಬಂದೀ ಏನವ್ವಾ?” ಎಂದು ಅತ್ತರು. ಆಮೇಲೆ, “ಅವಕ್ಕ ನೋವಾಗ್ತದೇನು, ಕೇಳು.”

ಕೇಳಿದೆ. ಆಗುವುದಿಲ್ಲವಂತೆ. ಆದರೂ ವಾರಗಟ್ಟಲೆ ನನ್ನ ಬಾಯಿಂದ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. ಚೆಲ್ಲಿದರೆ ಅವರು ಪೂರ್ತಿ ಊರಿಗೆ ಸೇರುತ್ತಾರೆ. ಆಗ ಈ ನಗರದಲ್ಲಿ ನನ್ನವರೆಂದು ಯಾರೂ ಉಳಿಯುವುದಿಲ್ಲ.

ಹಿರಿಯರಿಗೆ ಎಡೆ ಇಡುವ ಪೆತ್ರಮಾಸ ಬಂತು. ಸಮಾಧಿಗೆ ಹೊರಡುವ ಮೊದಲು ಅತ್ತೆಯೇ ಫೋನು ಮಾಡಿದರು.

“ಇಲ್ಲಿ ನಾ ಇಡ್ತೀನಿ. ಅಲ್ಲಿ ಯಾರ್ ಇಡಬೇಕು? ನೀನೇ ಇಡು. ಚೆಲ್ಲಬ್ಯಾಡಂತ ಅವರಿಗಿ ಹೇಳು.”

ತಾಂಡೂರಿನ ಹುಡುಗಿಗೆ ಹೇಳಿದೆ. ಒಳಗೆ ಅನ್ನ ಒಯ್ಯುವಂತಿಲ್ಲ. ಪ್ರಯೋಗಾಲಯದ ಹೊರಗೋಡೆಯ ಬದಿ, ಬೇವಿನ ಕೆಳಗೆ ರೊಟ್ಟಿ, ಪುಂಡಿಪಲ್ಯ ಇಟ್ಟೆ. ಕಾವಲುಗಾರ ಬಂದು ಯಾರಿಗೆಂದು ಕೇಳಿದ.

“ಮೇರಾ ಆದ್ಮಿ ಅಂದರ್ ಹೈ,” ನನ್ನ ಗಂಡ ಒಳಗಿದ್ದಾರೆ ಎಂದೆ.

ಅವನು ತಲೆಯಾಡಿಸಿದ. ಅವರ ಡ್ಯೂಟಿ ಎಷ್ಟಕ್ಕೆ ಮುಗಿಯುತ್ತದೆಂದು ಕೇಳಿದ. ಅಲ್ಲಿಯತನಕ ಕೂರಮ್ಮಾ ಎಂದು ತನ್ನ ಕುರ್ಚಿ ತೋರಿಸಿದ.

ಕೂತೆ.