ಟೈಲ್ಸ್ ಮೇಸ್ತ್ರಿಯ ಕಪ್ಪೆಕೊಳ

ಇಪ್ಪತ್ತೆಂಟು ವರ್ಷ ಊರವರ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿ ಬೇಸತ್ತ ಮೇಸ್ತ್ರಿ, ಸಣ್ಣ ಹಿತ್ತಲುಗಳಲ್ಲಿ ಕೊಳ ಕಟ್ಟಿಕೊಡುವ ಕೆಲಸಕ್ಕೆ ಇಳಿದರು. "ಇನ್ಮೇಲೆ ಕಪ್ಪೆ, ಹಕ್ಕಿಗಳೇ ನನ್ನ ಗಿರಾಕಿಗಳು" ಎಂದು ಹೆಂಡತಿಯ ಮುಂದೆ ಘೋಷಿಸಿದರು.

ಮೊದಲ ಕೊಳ ನಿವೃತ್ತ ನರ್ಸಮ್ಮನ ಹಿತ್ತಲಲ್ಲಿ ಸಿದ್ಧವಾಯಿತು. ಹತ್ತಿ ಇಳಿಯಲು ಇಳಿಜಾರು, ಅಡಗಲು ಕಲ್ಲು, ದಡದಲ್ಲಿ ಹುಲ್ಲು, ಯಾವುದಕ್ಕೂ ಕೊರತೆಯಿರಲಿಲ್ಲ. ಎರಡು ತಿಂಗಳಾದರೂ ಒಂದು ಕಪ್ಪೆಯೂ ಇತ್ತ ತಲೆಹಾಕಲಿಲ್ಲ.

"ಇನ್ನೊಂದು ತಿಂಗಳು ನೋಡ್ತೀನಿ ಮೇಸ್ತ್ರಿಗಳೇ. ಆಮೇಲೆ ಮಣ್ಣು ತುಂಬಿ ಟೊಮೆಟೊ ಹಾಕ್ತೀನಿ" ಎಂದರು ನರ್ಸಮ್ಮ.

ಮೊದಲ ಕೊಳವೇ ಟೊಮೆಟೊ ಪಾತಿಯಾದರೆ ಎರಡನೆಯದನ್ನು ಯಾರು ಕಟ್ಟಿಸುತ್ತಾರೆ? ಮೇಸ್ತ್ರಿಗೆ ಊಟ ಸೇರಲಿಲ್ಲ.

"ವಾರವಾರ ಅಲ್ಲಿಗೆ ಹೋಗಿ ಏನ್ರೀ ಮಾಡ್ತೀರಾ?" ಹೆಂಡತಿ ಕೇಳಿದರು.

"ಪಾಚಿ ಉಜ್ಜಿ ಬರ್ತೀನಿ. ನಾನು ಕಟ್ಟಿದ್ದರ ಮೇಲೆ ಪಾಚಿ ಅಂದ್ರೆ ಮರ್ಯಾದೆ ಪ್ರಶ್ನೆ."

"ಯಾವ ಕಪ್ಪೆ ರೀ ನಿಮ್ಮ ಬಚ್ಚಲುಮನೇಲಿ ಸಂಸಾರ ಹೂಡುತ್ತೆ? ತಿಂಗಳು ಮುಗಿಯೋವರೆಗೂ ಸುಮ್ನೆ ಮನೇಲಿ ಬಿದ್ದಿರಿ!"

ಅವರು ಬಿದ್ದುಕೊಂಡರು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಮಾಡಿರಲಿಲ್ಲ. ಕೈ ಕೇಳದೆ ಮನೆಯ ಬಚ್ಚಲನ್ನೇ ನಾಲ್ಕು ಸಲ ಉಜ್ಜಿದರು.

ಇಪ್ಪತ್ತಾರನೆಯ ದಿನ ನರ್ಸಮ್ಮ ಫೋನ್ ಮಾಡಿ ಕರೆದರು. ಕೊಳದ ಅಂಚಿನುದ್ದಕ್ಕೂ ಹಸಿರು ಪಾಚಿ ಕಟ್ಟಿತ್ತು. ಅದರ ಮೇಲೆ ದಪ್ಪನೆಯ ಕಪ್ಪೆಯೊಂದು ಮನೆ ಯಜಮಾನನ ಹಾಗೆ ಕೂತಿತ್ತು.

"ಟೊಮೆಟೊ ಅಂಗಡಿಯಿಂದಲೇ ತರ್ತೀನಿ ಬಿಡಿ. ಎಷ್ಟು ಚೆನ್ನಾಗಿದೆ ಅಲ್ವಾ?" ಎಂದರು ನರ್ಸಮ್ಮ.

ಮೇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡರು.

"ಕಪ್ಪೆ ಚೆನ್ನಾಗಿದೆ" ಎಂದರು.